ಹೊತ್ತಿಕೊಂಡು ನಿಂತುಬಿಡುವ ಹಳೆಯ ಕಾರು: ಬದಲಿಸುವ ಮುನ್ನ ಕಾರಣ ಹುಡುಕೋಣ

ಮಲೆನಾಡಿನ ಹಂಚಿನ ಮನೆಗಳ ಪಕ್ಕದ ಮಾಡಿನ ಕೆಳಗೆ, ಟಾರ್ಪಾಲು ಹೊದ್ದು ನಿಂತಿರುವ ಹಳೆಯ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರುಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಒಂದು ಕಾಲಕ್ಕೆ ಹೆರಿಗೆಗೆ, ಮದುವೆಗೆ, ಹಾವು ಕಚ್ಚಿದವರನ್ನು ಪೇಟೆಯ ಆಸ್ಪತ್ರೆಗೆ ಸಾಗಿಸುವುದಕ್ಕೆ ಇಡೀ ಊರಿಗೆ ಒದಗಿದ ವಾಹನಗಳಿವು. ಮಳೆಗಾಲ ಮುಗಿದ ಮೇಲೆ ಮನೆಯವರು ಟಾರ್ಪಾಲು ಸರಿಸಿ ಕೀಲಿ ತಿರುಗಿಸುತ್ತಾರೆ. ಎಂಜಿನು ಹೊತ್ತಿಕೊಳ್ಳುತ್ತದೆ, ಅರೆ ನಿಮಿಷ ಗುಡುಗುತ್ತದೆ, ನಿಂತುಬಿಡುತ್ತದೆ. ಮತ್ತೆ ತಿರುಗಿಸಿದರೆ ಮತ್ತೆ ಅದೇ ಕಥೆ. ನಾಲ್ಕನೆಯ ಸಲಕ್ಕೆ ಬ್ಯಾಟರಿ ಇಳಿಯುತ್ತದೆ, ಐದನೆಯ ಸಲಕ್ಕೆ ಯಜಮಾನರ ತಾಳ್ಮೆ ಇಳಿಯುತ್ತದೆ. ಆಮೇಲೆ ಬರುವುದು ಗುಜರಿಯವನ ಲಾರಿ.

ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡರು ಎನ್ನುವ ಮಾತು ನಮ್ಮಲ್ಲಿದೆ. ಹೊತ್ತಿಕೊಂಡು ನಿಂತುಬಿಡುವ ಎಂಜಿನಿನ ವಿಷಯದಲ್ಲಿ ನಾವು ಮಾಡುತ್ತಿರುವುದು ಬಹುಮಟ್ಟಿಗೆ ಇದನ್ನೇ. ಒಂದು ವಾಷರು, ಒಂದು ರಬ್ಬರು ಪೈಪು, ಒಂದು ಕಂಡೆನ್ಸರು ಕೆಟ್ಟದ್ದಕ್ಕೆ ಸಾವಿರ ಕಿಲೋ ತೂಗುವ ಕಬ್ಬಿಣ, ಗಾಜು, ರಬ್ಬರುಗಳ ವಸ್ತುವನ್ನು ತ್ಯಾಜ್ಯವೆಂದು ಘೋಷಿಸುತ್ತೇವೆ. ಇನ್ನು ಕೆಲವರು ಕಾರಣ ತಿಳಿಯದೆಯೇ ಒಂದರ ಮೇಲೊಂದು ಬಿಡಿಭಾಗ ಬದಲಿಸುತ್ತಾ ಹಣವನ್ನೂ ಹಾಳುಮಾಡಿ, ಚೆನ್ನಾಗಿದ್ದ ಭಾಗಗಳನ್ನೂ ಗುಜರಿಗೆ ಸೇರಿಸುತ್ತಾರೆ. ಈ ಎರಡು ದಾರಿಗಳಿಗಿಂತ ಬೇರೆಯಾದ ಮೂರನೆಯ ದಾರಿಯೊಂದಿದೆ. ಅದು ಕ್ರಮವಾಗಿ ಕಾರಣ ಹುಡುಕುವ ದಾರಿ. ಹಳೆಯ ಗ್ಯಾರೇಜುಗಳ ಮೆಕ್ಯಾನಿಕ್ಕರಿಗೆ ಕರತಲಾಮಲಕವಾಗಿದ್ದ ಈ ವಿದ್ಯೆ ಇಂದು ಅವರೊಂದಿಗೇ ಕಣ್ಮರೆಯಾಗುತ್ತಿದೆ. ಅದನ್ನು ಉಳಿಸಿಕೊಳ್ಳುವುದು ಪರಿಸರದ ಕೆಲಸವೂ ಹೌದು ಎಂಬುದೇ ಈ ಲೇಖನದ ವಾದ.

ಮೊದಲಿಗೆ ಒಂದು ಸ್ಪಷ್ಟನೆ

ಹಳೆಯದೆಲ್ಲವೂ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. 1958ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರಿನ ಮೂಲ ರೂಪ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಇವುಗಳ ಹಳೆಯ ಪೆಟ್ರೋಲ್ ಎಂಜಿನುಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಕಾರಿನೊಡನೆ ಹೋಲಿಸಿದರೆ ಇವು ಪ್ರತಿ ಕಿಲೋಮೀಟರಿಗೂ ಹೆಚ್ಚು ಹೊಗೆಯುಗುಳುತ್ತವೆ ಎಂಬುದು ನಿರ್ವಿವಾದ. ದಿನವೂ ನೂರು ಕಿಲೋಮೀಟರು ಓಡುವ ಬಾಡಿಗೆ ವಾಹನವಾಗಿ ಇಂಥ ಕಾರು ಇಂದು ಸಲ್ಲದು. ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮರೆಯಾದದ್ದಕ್ಕೆ ಮನಸ್ಸು ಮರುಗಿದರೂ ಅದರಲ್ಲಿ ಅನ್ಯಾಯವೇನೂ ಇಲ್ಲ.

ಆದರೆ ತಿಂಗಳಿಗೆ ನಾಲ್ಕು ಬಾರಿ ಪೇಟೆಗೆ ಹೋಗಿಬರುವ ಮನೆಯ ಕಾರಿನ ಲೆಕ್ಕ ಬೇರೆ. ಅದನ್ನು ಕಳಚಿಹಾಕಿ ಅದರ ಜಾಗಕ್ಕೆ ಹೊಸ ಕಾರೊಂದನ್ನು ತರುವಾಗ, ಆ ಹೊಸ ಕಾರಿಗಾಗಿ ಎಲ್ಲೋ ಅಗೆದ ಅದಿರು, ಉರಿಸಿದ ಕಲ್ಲಿದ್ದಲು, ಬಳಸಿದ ನೀರುಗಳ ಲೆಕ್ಕವೂ ನಮ್ಮ ಅಂಗಳಕ್ಕೇ ಬಂದು ಸೇರುತ್ತದೆ. ಕಡಿಮೆ ಓಡುವ ವಾಹನದ ಹೊಗೆ ಕಡಿಮೆ. ಹೊಸದನ್ನು ತಯಾರಿಸುವ ಭಾರ ಮಾತ್ರ ಓಡಿದರೂ ಓಡದಿದ್ದರೂ ಅಷ್ಟೇ.

ಇನ್ನೊಂದು ಮಾತನ್ನೂ ಗಮನಿಸಬೇಕು. ಎಂಜಿನು ನಿಂತುಬಿಡುವ ರೋಗವೂ ಅತಿಯಾಗಿ ಹೊಗೆಯುಗುಳುವ ರೋಗವೂ ಅನೇಕ ವೇಳೆ ಒಂದೇ. ಅರ್ಧಂಬರ್ಧ ಉರಿದ ಪೆಟ್ರೋಲೇ ಕಪ್ಪು ಹೊಗೆ. ಅದೇ ಎಂಜಿನನ್ನು ಉಸಿರುಗಟ್ಟಿಸಿ ನಿಲ್ಲಿಸುವುದು. ಆದ್ದರಿಂದ ಹಳೆಯ ಕಾರನ್ನು ಇಟ್ಟುಕೊಂಡವನಿಗೆ ಅದನ್ನು ಸರಿಯಾಗಿ ಇಟ್ಟುಕೊಳ್ಳುವ ಹೊಣೆಯೂ ಇದೆ.

ನಿಂತ ಸಮಯವೇ ಮೊದಲ ಸಾಕ್ಷಿ

ಪೆಟ್ರೋಲ್ ಎಂಜಿನು ಓಡಬೇಕಾದರೆ ಮೂರು ಸಂಗತಿಗಳು ಬೇಕು: ಹದವಾಗಿ ಬೆರೆತ ಪೆಟ್ರೋಲು ಮತ್ತು ಗಾಳಿ, ಆ ಮಿಶ್ರಣವನ್ನು ಒತ್ತಿ ಹಿಡಿಯುವ ಸಿಲಿಂಡರು, ತಕ್ಕ ಗಳಿಗೆಯಲ್ಲಿ ಹಾರುವ ಕಿಡಿ. ಒಮ್ಮೆಯೂ ಹೊತ್ತಿಕೊಳ್ಳದ ಎಂಜಿನಿನಲ್ಲಿ ಈ ಮೂರರಲ್ಲಿ ಯಾವುದು ಬೇಕಾದರೂ ಇಲ್ಲದಿರಬಹುದು. ಹೊತ್ತಿಕೊಂಡು ನಿಲ್ಲುವ ಎಂಜಿನಿನಲ್ಲಿ ಮೂರೂ ಒಂದು ಕ್ಷಣವಾದರೂ ಇದ್ದವು, ಆಮೇಲೆ ಒಂದು ಕಾಣೆಯಾಯಿತು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಇದು: ಹೊತ್ತಿಕೊಂಡ ಗಳಿಗೆಗೂ ನಿಂತ ಗಳಿಗೆಗೂ ನಡುವೆ ಏನು ಬದಲಾಯಿತು? ಈ ಪ್ರಶ್ನೆಗೆ ಉತ್ತರಿಸಲು ಮೊದಲು ಬೇಕಾದ ಸಾಧನ ಕೈಗಡಿಯಾರ. ಎಷ್ಟು ಹೊತ್ತಿಗೆ ನಿಂತಿತು, ಹೇಗೆ ನಿಂತಿತು ಎಂಬುದನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕೀಲಿಯನ್ನು ಸ್ಟಾರ್ಟ್ ಸ್ಥಾನದಿಂದ ಬಿಟ್ಟ ಕೂಡಲೇ, ಬೆರಳು ತೆಗೆದಷ್ಟೇ ಹೊತ್ತಿಗೆ ಎಂಜಿನು ನಿಂತರೆ, ದೋಷ ವಿದ್ಯುತ್ತಿನದು ಎಂದು ಬಹುಮಟ್ಟಿಗೆ ಹೇಳಬಹುದು. ಸ್ಟಾರ್ಟ್ ಸ್ಥಾನದಲ್ಲಿ ಇಗ್ನಿಷನ್ ಕಾಯಿಲ್‌ಗೆ ಬರುತ್ತಿದ್ದ ವಿದ್ಯುತ್ತು ಆನ್ ಸ್ಥಾನದಲ್ಲಿ ಬರುತ್ತಿಲ್ಲ. ಕೀಲಿಯ ಸ್ವಿಚ್ಚಿನ ಒಳಗಿನ ತಗಡು ಸವೆದಿರಬಹುದು, ತಂತಿ ಸಡಿಲವಾಗಿರಬಹುದು. ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರುಗಳಲ್ಲಿ ಅದು ಸುಟ್ಟಿದ್ದರೆ ಕಂಡುಬರುವ ಲಕ್ಷಣ ಹೆಚ್ಚುಕಡಿಮೆ ಇದೊಂದೇ. ಏಕೆಂದರೆ ಸ್ಟಾರ್ಟ್ ಮಾಡುವಾಗ ವಿದ್ಯುತ್ತು ಅದನ್ನು ಬಿಟ್ಟು ನೇರವಾಗಿ ಕಾಯಿಲ್‌ಗೆ ಹರಿಯುತ್ತದೆ, ಕೀಲಿ ಬಿಟ್ಟ ಮೇಲೆ ಅದರ ಮೂಲಕವೇ ಹರಿಯಬೇಕು. ಹನ್ನೆರಡು ವೋಲ್ಟಿನ ಚಿಕ್ಕ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿ, ಒಂದನ್ನು ಕಾಯಿಲ್‌ಗೆ ವಿದ್ಯುತ್ತು ಬರುವ ತುದಿಗೂ ಇನ್ನೊಂದನ್ನು ಎಂಜಿನಿನ ಕಬ್ಬಿಣಕ್ಕೂ ತಾಗಿಸಿ ನೋಡಿದರೆ ಸಾಕು. ಕೀಲಿ ಆನ್ ಇದ್ದಾಗ ಬಲ್ಬು ಹತ್ತದಿದ್ದರೆ ಕಾರ್ಬ್ಯುರೇಟರನ್ನು ಮುಟ್ಟುವ ಅಗತ್ಯವೇ ಇಲ್ಲ.

ಹತ್ತಿಪ್ಪತ್ತು ಸೆಕೆಂಡಿನಿಂದ ಒಂದೆರಡು ನಿಮಿಷ ಸರಿಯಾಗಿ ಓಡಿ, ತೊದಲುತ್ತಾ ಶಕ್ತಿಗುಂದಿ ನಿಂತರೆ, ಪೆಟ್ರೋಲು ಮುಗಿದಿದೆ ಎಂದು ತಿಳಿಯಬೇಕು. ಟ್ಯಾಂಕಿನಲ್ಲಿ ಅಲ್ಲ, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ. ಫ್ಲೋಟ್ ತೇಲುವ ಆ ಪುಟ್ಟ ಬಟ್ಟಲಿನಲ್ಲಿದ್ದ ಪೆಟ್ರೋಲು ಉರಿದುಹೋಗಿದೆ, ಹೊಸದು ಬಂದು ತುಂಬುತ್ತಿಲ್ಲ. ಇಲ್ಲಿಂದ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಒಂದೊಂದೇ ಹೆಜ್ಜೆ ನಡೆಯಬೇಕು. ಮೊದಲು ಟ್ಯಾಂಕಿನ ಮುಚ್ಚಳವನ್ನು ತೆರೆಯಿರಿ. ತೆರೆದಾಗ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಮುಚ್ಚಳ ಸಡಿಲಿಸಿದ ಮೇಲೆ ಎಂಜಿನು ನಿಲ್ಲದೆ ಓಡಿದರೆ, ಮುಚ್ಚಳದ ಅಥವಾ ಗಾಳಿಕೊಳವೆಯ ಸಣ್ಣ ರಂಧ್ರ ಮುಚ್ಚಿಹೋಗಿದೆ. ಮಲೆನಾಡಿನಲ್ಲಿ ಇದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ನಾಲ್ಕು ತಿಂಗಳು ನಿಂತ ಕಾರಿನ ಕೊಳವೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಒಂದು ತಂತಿಯ ಚೂರಿನಿಂದ ಗುಣವಾಗುವ ಕಾಯಿಲೆ ಇದು.

ಆಮೇಲೆ ಫಿಲ್ಟರು, ಅನಂತರ ಪಂಪು. ಈ ಕಾರುಗಳ ಇಂಧನ ಪಂಪು ಎಂಜಿನಿನ ಕ್ಯಾಮ್ ಶಾಫ್ಟಿನಿಂದ ಚಲಿಸುತ್ತದೆ. ಅದರೊಳಗಿನ ಡಯಾಫ್ರಮ್ ಗಟ್ಟಿಯಾದರೆ ಅಥವಾ ಹರಿದರೆ ಪೆಟ್ರೋಲು ಏರುವುದಿಲ್ಲ. ಕಾಯಿಲ್‌ನ ತಂತಿ ಕಳಚಿ, ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಒಂದು ಬಾಟಲಿಗೆ ಇಳಿಬಿಟ್ಟು, ಬೇರೊಬ್ಬರಿಂದ ಸ್ಟಾರ್ಟರು ತಿರುಗಿಸಿದರೆ ಪೆಟ್ರೋಲು ನಾಡಿ ಬಡಿದಂತೆ ಚಿಮ್ಮಬೇಕು. ಗುಳ್ಳೆಗುಳ್ಳೆಯಾಗಿ ಬಂದರೆ ಪಂಪಿಗೂ ಟ್ಯಾಂಕಿಗೂ ನಡುವೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ಹರಿದ ಡಯಾಫ್ರಮ್ಮಿನಿಂದ ಪೆಟ್ರೋಲು ಎಂಜಿನ್ ಆಯಿಲ್‌ಗೆ ಇಳಿಯುವುದೂ ಉಂಟು. ಅಳತೆ ಕಡ್ಡಿಯನ್ನು ಎಳೆದು ಮೂಸಿ ನೋಡಬೇಕು. ಪೆಟ್ರೋಲಿನ ವಾಸನೆ ಇದ್ದು ಆಯಿಲ್ ಮಟ್ಟ ಏರಿದ್ದರೆ, ಅದನ್ನು ಬದಲಿಸದೆ ಎಂಜಿನು ಓಡಿಸಬಾರದು.

ಚೋಕ್ ಎಳೆದಿದ್ದಾಗ ಓಡಿ, ಒಳಕ್ಕೆ ತಳ್ಳಿದ ಕೂಡಲೇ ನಿಂತರೆ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಕಾರ್ಬ್ಯುರೇಟರಿನ ಐಡ್ಲಿಂಗ್ ಜೆಟ್ಟಿನಲ್ಲಿ ಕಸ ಕೂತಿರಬಹುದು. ಬಳಸದೆ ಬಿಟ್ಟ ಪೆಟ್ರೋಲು ಆರಿ ಅಂಟಂಟಾಗಿ ಉಳಿಯುತ್ತದೆ. ಕೂದಲೆಳೆಯಷ್ಟು ಸಣ್ಣ ರಂಧ್ರ ಮುಚ್ಚಲು ಅಷ್ಟೇ ಸಾಕು. ಜೆಟ್ಟನ್ನು ಸೂಜಿಯಿಂದ ಚುಚ್ಚಬಾರದು, ರಂಧ್ರ ದೊಡ್ಡದಾಗಿ ಮುಂದೆ ಎಂದೂ ಹದ ಕೂಡುವುದಿಲ್ಲ. ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಊದಿ ಬಿಡಿಸಬೇಕು. ಜೆಟ್ಟು ಶುಚಿಯಾಗಿದ್ದರೂ ತೊಂದರೆ ಉಳಿದರೆ, ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲೋ ಮ್ಯಾನಿಫೋಲ್ಡಿನ ಸಂದಿನಲ್ಲೋ ಬಿರಿದ ರಬ್ಬರು ಪೈಪಿನಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಇದನ್ನು ಹುಡುಕಲು ಓಡುವ ಎಂಜಿನಿನ ಮೇಲೆ ಪೆಟ್ರೋಲು ಚಿಮುಕಿಸುವ ಅಭ್ಯಾಸ ಕೆಲವರಲ್ಲಿದೆ. ಅದು ಬೆಂಕಿಯೊಡನೆ ಸರಸ. ಸಂದುಗಳ ಮೇಲಷ್ಟೇ ನೀರನ್ನು ಹನಿಹನಿಯಾಗಿ ಸಿಂಪಡಿಸಿ, ಎಂಜಿನಿನ ಸದ್ದು ಎಲ್ಲಿ ಬದಲಾಗುತ್ತದೆಂದು ಕಿವಿಗೊಟ್ಟು ಕೇಳಿದರೂ ಸುಳಿವು ಸಿಗುತ್ತದೆ.

ಇದಕ್ಕೆ ವಿರುದ್ಧವಾಗಿ ಕಪ್ಪು ಹೊಗೆಯುಗುಳಿ, ಪೆಟ್ರೋಲು ವಾಸನೆ ಹರಡಿ ನಿಂತರೆ, ಪೆಟ್ರೋಲು ಅತಿಯಾಗಿದೆ. ಚೋಕ್ ಪೂರ್ತಿ ತೆರೆಯುತ್ತಿಲ್ಲ, ಅಥವಾ ಗಾಳಿಯ ಫಿಲ್ಟರು ಕಟ್ಟಿಕೊಂಡಿದೆ, ಅಥವಾ ಫ್ಲೋಟಿನ ಸೂಜಿಯಲ್ಲಿ ಕಸ ಸಿಕ್ಕಿ ಬಟ್ಟಲು ತುಂಬಿ ಹರಿಯುತ್ತಿದೆ. ಪ್ಲಗ್ಗು ಬಿಚ್ಚಿದರೆ ಮಸಿ ಬಳಿದಂತಿರುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಪೆಟ್ರೋಲು ಕುಲುಕಿದರೆ ಅದು ತೂತಾಗಿದೆ, ತೇಲಲಾರದು.

ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಹಠಾತ್ತನೆ ನಿಂತು, ತಣಿದ ಮೇಲೆ ಮತ್ತೆ ಹೊತ್ತಿಕೊಳ್ಳುವ ಕಾರು ಎಲ್ಲರನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಬಾನೆಟ್ಟು ತೆರೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಸಿ ನಿಂತ ಕಾರುಗಳನ್ನು ಹಿರಿಯರು ನೋಡಿಯೇ ಇರುತ್ತಾರೆ. ಶಾಖಕ್ಕೆ ಪೈಪಿನೊಳಗೆ ಪೆಟ್ರೋಲು ಆವಿಯಾಗಿ, ಪಂಪು ದ್ರವದ ಬದಲು ಆವಿಯನ್ನು ಎಳೆಯುವ ಸ್ಥಿತಿ ಅದು. ಆದರೆ ಇದೇ ಲಕ್ಷಣ ಬಿಸಿಗೆ ಸೋಲುವ ಕಾಯಿಲ್‌ನಿಂದಲೋ ಕಂಡೆನ್ಸರಿನಿಂದಲೋ ಸಹ ಬರುತ್ತದೆ. ಎರಡನ್ನೂ ಬೇರ್ಪಡಿಸಲು ನಿಂತ ತಕ್ಷಣವೇ ಪರೀಕ್ಷಿಸಬೇಕು. ತಣಿದ ಮೇಲೆ ಸಾಕ್ಷ್ಯವೇ ಉಳಿಯುವುದಿಲ್ಲ. ಪೆಟ್ರೋಲಿನಿಂದ ದೂರದಲ್ಲಿ, ಬೇರೊಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ ಎಂಜಿನಿನ ಕಬ್ಬಿಣದ ಮೇಲೆ ಮಲಗಿಸಿ ಸ್ಟಾರ್ಟರು ತಿರುಗಿಸಿದಾಗ ನೀಲಿ ಕಿಡಿ ಟಪಟಪನೆ ಹಾರಿದರೆ ವಿದ್ಯುತ್ತು ನಿರಪರಾಧಿ. ಕಿಡಿ ಹಳದಿಯಾಗಿ ಸೊರಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಕಂಡೆನ್ಸರು, ಪಾಯಿಂಟು, ಕಾಯಿಲ್ ಎಂಬ ಕ್ರಮದಲ್ಲಿ ನೋಡುತ್ತಾ ಹೋಗಬೇಕು. ಪಾಯಿಂಟುಗಳ ನಡುವಿನ ತೆರಪು ಅಂಬಾಸಡರಿನ ಹಳೆಯ ಎಂಜಿನಿನಲ್ಲಿ ಸುಮಾರು 0.4 ಮಿಲಿಮೀಟರು, ಸವೆದಂತೆಲ್ಲ ಅದು ಕಿರಿದಾಗಿ ಕಿಡಿಯ ಗಳಿಗೆ ತಪ್ಪುತ್ತದೆ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಬೆವರಿದ ನೀರೂ, ಇಲಿ ಕಡಿದ ತಂತಿಯೂ ಇದೇ ಆಟವಾಡಿಸುತ್ತವೆ.

ಈ ಎಲ್ಲ ಪರೀಕ್ಷೆಗಳಿಗೂ ಒಂದೇ ಶಿಸ್ತು: ಒಂದು ಸಲಕ್ಕೆ ಒಂದೇ ಬದಲಾವಣೆ. ಪಾಯಿಂಟು, ಪ್ಲಗ್ಗು, ಪಂಪು, ಕಾಯಿಲ್‌ಗಳನ್ನು ಒಟ್ಟಿಗೆ ಬದಲಿಸಿದವನ ಕಾರು ಓಡಿದರೂ ಕಾರಣ ಅವನಿಗೆ ತಿಳಿಯುವುದಿಲ್ಲ. ಮುಂದಿನ ಬಾರಿಯೂ ಅವನು ನಾಲ್ಕನ್ನೂ ಕೊಳ್ಳಬೇಕಾಗುತ್ತದೆ.

ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಮುಚ್ಚಿದ ಶೆಡ್ಡಿನೊಳಗೆ ಎಂಜಿನು ಓಡಿಸಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ಪೆಟ್ರೋಲಿನ ಪರೀಕ್ಷೆ ಅಂಗಳದಲ್ಲಿ ನಡೆಯಲಿ, ಬಚ್ಚಲ ಒಲೆಯಿಂದಲೂ ಕೊಟ್ಟಿಗೆಯಿಂದಲೂ ದೂರದಲ್ಲಿ. ಪಕ್ಕದಲ್ಲಿ ಒಣ ಮರಳಿನ ಬಕೆಟ್ಟೊಂದು ಇರಲಿ.

ಬಂಕಿನಿಂದ ಬಂದ ಹೊಸ ಕಾರಣ

ಇಲ್ಲಿಯವರೆಗೆ ಹೇಳಿದ ಕಾರಣಗಳೆಲ್ಲ ಕಾರಿನಷ್ಟೇ ಹಳೆಯವು. ಈಚೆಗೆ ಹೊಸದೊಂದು ಸೇರಿಕೊಂಡಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ, ಅಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇಕಡಾ 20ರ ಗುರಿಯನ್ನು ಹಿಂದಕ್ಕೆಳೆದು 2025ರಲ್ಲಿಯೇ ತಲುಪಲಾಯಿತು. ಈ ಇಂಧನವನ್ನು ತಾಳಿಕೊಳ್ಳುವ ಹೊಸ ವಾಹನಗಳು ಮಾರುಕಟ್ಟೆಗೆ ಬರತೊಡಗಿದ್ದು 2023ರ ಏಪ್ರಿಲಿನಿಂದ. ಅದಕ್ಕೂ ದಶಕಗಳ ಹಿಂದೆ ತಯಾರಾದ ಅಂಬಾಸಡರಿಗೆ, ಪದ್ಮಿನಿಗೆ ಇದು ಅಪರಿಚಿತ ಆಹಾರ.

ಹಳೆಯ ಎಂಜಿನಿಗೆ ಇದರಿಂದಾಗುವ ತೊಂದರೆ ಮೂರು ಬಗೆಯದು. ಒಂದನೆಯದು, ಎಥನಾಲ್‌ನಲ್ಲಿ ಆಮ್ಲಜನಕ ಅದಾಗಲೇ ಅಡಕವಾಗಿದೆ. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಕಿಲೋ ಸಾಕು. ಹೊಸ ಕಾರುಗಳಲ್ಲಿ ಹೊಗೆಯನ್ನು ಅಳೆದು ಇಂಧನವನ್ನು ಹೆಚ್ಚುಕಡಿಮೆ ಮಾಡುವ ಕಂಪ್ಯೂಟರು ಇದೆ. ಕಾರ್ಬ್ಯುರೇಟರಿನ ಜೆಟ್ಟಿಗೆ ಅಂಥ ಬುದ್ಧಿ ಇಲ್ಲ, ಅದು ಹಿಂದಿನ ಅಳತೆಯಲ್ಲೇ ಸುರಿಯುತ್ತದೆ. ಪರಿಣಾಮವಾಗಿ ಮಿಶ್ರಣ ತೆಳುವಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಎಂಜಿನು ಚೋಕ್ ತಳ್ಳಿದ ಕೂಡಲೇ ನಿಲ್ಲತೊಡಗುತ್ತದೆ. ಎರಡನೆಯದು, ಹಳೆಯ ರಬ್ಬರು ಪೈಪು, ಡಯಾಫ್ರಮ್, ವಾಷರುಗಳು ಎಥನಾಲ್‌ಗೆಂದು ಮಾಡಿದವಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಆಮೇಲೆ ಬಿರಿಯುತ್ತವೆ. ಟ್ಯಾಂಕಿನ ಒಳಗೋಡೆಯಲ್ಲಿ ವರ್ಷಗಳಿಂದ ಕೂತ ಅಂಟು ಮತ್ತು ತುಕ್ಕು ಸಡಿಲಗೊಂಡು ಫಿಲ್ಟರಿಗೆ ಬಂದು ಸೇರುತ್ತವೆ. ಮೂರನೆಯದು, ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಬಿಟ್ಟರೆ, ತೇವ ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ತಳಕ್ಕಿಳಿಯುತ್ತವೆ. ಪಂಪಿನ ಪೈಪು ಇರುವುದು ತಳದಲ್ಲಿಯೇ. ಬಟ್ಟಲಿನಲ್ಲಿ ಉಳಿದಿದ್ದ ಪೆಟ್ರೋಲಿಗೆ ಎಂಜಿನು ಹೊತ್ತಿಕೊಂಡು, ನೀರು ಮಿಶ್ರಿತ ದ್ರವ ಬಂದಾಗ ನಿಲ್ಲುತ್ತದೆ. ಮಳೆಗಾಲದ ಅನಂತರ ಕಾರು ನಿಲ್ಲಲು ಇದೂ ಒಂದು ಕಾರಣವಾಗಬಹುದು. ಗಾಜಿನ ಬಾಟಲಿಯೊಂದಕ್ಕೆ ಟ್ಯಾಂಕಿನ ತಳದ ಪೆಟ್ರೋಲು ಹಿಡಿದು ಒಂದು ಗಂಟೆ ಬಿಟ್ಟರೆ ಪದರ ಬೇರೆಯಾದದ್ದು ಬರಿಗಣ್ಣಿಗೆ ಕಾಣುತ್ತದೆ.

ಪರಿಹಾರಗಳು ಕಷ್ಟದವಲ್ಲ. ಎಥನಾಲ್ ತಾಳುವ ಪೈಪು ಮತ್ತು ಡಯಾಫ್ರಮ್ ಹಾಕಿಸುವುದು, ಬಲ್ಲ ಮೆಕ್ಯಾನಿಕ್ಕರ ಕೈಯಲ್ಲಿ ಜೆಟ್ಟನ್ನು ತುಸು ದೊಡ್ಡದಕ್ಕೆ ಬದಲಿಸಿ ಹೊಗೆ ಪರೀಕ್ಷೆ ಮಾಡಿಸುವುದು, ಮಳೆಗಾಲಕ್ಕೆ ಮೊದಲು ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿಡುವುದು. ಇಷ್ಟು ಮಾಡಿದರೆ ಬಹಳಷ್ಟು ಕಾರುಗಳು ನಿಲ್ಲದೆ ಓಡುತ್ತವೆ.

ಆದರೆ ಇಲ್ಲಿ ಕೇಳಬೇಕಾದ ಸಾರ್ವಜನಿಕ ಪ್ರಶ್ನೆಯೊಂದಿದೆ. ಇ20 ಕುರಿತು 2021ರಲ್ಲಿ ಸರ್ಕಾರಿ ತಜ್ಞರ ಸಮಿತಿ ನೀಡಿದ ವರದಿಯೇ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಹಾಗಿದ್ದೂ ಹಳೆಯ ವಾಹನದವರಿಗೆ ಎಥನಾಲ್ ಬೆರೆಸದ ಪೆಟ್ರೋಲಿನ ಆಯ್ಕೆ ಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ವಜಾ ಮಾಡಿತು. ನ್ಯಾಯಾಲಯದ ಬಾಗಿಲು ಮುಚ್ಚಿದರೂ ನೀತಿಯ ಬಾಗಿಲನ್ನು ತಟ್ಟುವ ಹಕ್ಕು ನಮಗಿದೆ. ಎಥನಾಲ್‌ನ ಉದ್ದೇಶ ಆಮದು ತೈಲವನ್ನು ತಗ್ಗಿಸುವುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೀರು ಕುಡಿಯುವ ಕಬ್ಬಿನಿಂದ ಬಂದ ಇಂಧನವನ್ನು ಹಸಿರು ಎಂದು ಕರೆದು, ಅದೇ ಇಂಧನದಿಂದ ಓಡುವ ಕಾರನ್ನು ನಿಲ್ಲಿಸಿ, ನಿಂತದ್ದನ್ನು ಗುಜರಿಗೆ ಕಳುಹಿಸಿದರೆ, ಉಳಿತಾಯವಾದದ್ದು ಏನು? ತಾಲ್ಲೂಕಿಗೊಂದು ಬಂಕಿನಲ್ಲಾದರೂ ಕಡಿಮೆ ಎಥನಾಲ್‌ನ ಪೆಟ್ರೋಲು ಸಾಮಾನ್ಯ ಬೆಲೆಗೆ ಸಿಗಬೇಕು. ಯಾವ ಬಂಕಿನಲ್ಲಿ ಎಷ್ಟು ಎಥನಾಲ್ ಇದೆ ಎಂಬುದನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕು.

ವಯಸ್ಸೊಂದೇ ಅಪರಾಧವಲ್ಲ

ಹಳೆಯ ವಾಹನಗಳ ಕುರಿತ ನಿಯಮಗಳೂ ಇದೇ ದಿಕ್ಕಿನಲ್ಲಿ ಸಾಗುತ್ತಿವೆ. ವಾಹನಗಳನ್ನು ಕಳಚುವ ನೋಂದಾಯಿತ ಕೇಂದ್ರಗಳ ನಿಯಮ 2021ರಲ್ಲಿ ಬಂದಿತು. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೇರಿತು. 2025ರ ಆಗಸ್ಟಿನ ತಿದ್ದುಪಡಿಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ರೂಪಾಯಿ ಆಯಿತು. ಐವತ್ತು ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶವಿದೆ; ಅದರ ಶುಲ್ಕ 20,000 ರೂಪಾಯಿ, ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂಗ್ರಾಹಕರಿಗೆ ಸರಿ, ಅಡಿಕೆ ತೋಟದ ಸಣ್ಣ ಹಿಡುವಳಿದಾರನಿಗೆ ಇದರಿಂದ ಏನೂ ದಕ್ಕದು.

ಆದರೂ ಒಂದು ಸಂಗತಿ ಎಲ್ಲರಿಗೂ ತಿಳಿದಿರಬೇಕು. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ನಮ್ಮ ರಾಜ್ಯದಲ್ಲಿ ಖಾಸಗಿ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಗಳಿಗೆ ನೋಂದಣಿ ನವೀಕರಿಸಿಕೊಳ್ಳಬಹುದು. ಹೊಗೆ ಪರೀಕ್ಷೆ, ಬ್ರೇಕು ಪರೀಕ್ಷೆ ಕಟ್ಟುನಿಟ್ಟಾಗಿರಲಿ, ನಮ್ಮ ತಕರಾರಿಲ್ಲ. ಅಳೆಯಬೇಕಾದದ್ದು ವಾಹನದ ಸ್ಥಿತಿಯನ್ನು. ಜನನದ ದಿನಾಂಕವನ್ನಷ್ಟೇ ನೋಡಿ ಶುಲ್ಕ ಹೇರುವ ನೀತಿ, ಚೆನ್ನಾಗಿ ಇಟ್ಟುಕೊಂಡವನನ್ನೂ ಹೊಗೆಯುಗುಳಿಸುತ್ತಾ ತಿರುಗುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ನಾವು ಮಾಡಬಹುದಾದದ್ದು

ಸರ್ಕಾರಕ್ಕೆ ಹೇಳುವುದರ ಜೊತೆಗೆ ನಮ್ಮ ಮನೆಯಂಗಳದಲ್ಲಿ ಮಾಡುವ ಕೆಲಸಗಳೂ ಇವೆ. ರಿಪೇರಿಯ ಹೆಸರಿನಲ್ಲಿ ನೆಲಕ್ಕೆ ಚೆಲ್ಲಿದ ಹಳೆಯ ಆಯಿಲ್, ಕಾರ್ಬ್ಯುರೇಟರು ತೊಳೆದ ಪೆಟ್ರೋಲು ಮೊದಲ ಮಳೆಗೇ ಹಳ್ಳ ಸೇರುತ್ತದೆ. ನಮ್ಮ ಹಳ್ಳಗಳು ತುಂಗೆಗೋ ಶರಾವತಿಗೋ ಅಘನಾಶಿನಿಗೋ ಇಳಿಯುತ್ತವೆ. ಅದಕ್ಕೂ ಮೊದಲು ಕೆಳಗಿನ ಮನೆಯವರ ಬಾವಿಯ ಪಕ್ಕದಲ್ಲೇ ಹರಿಯುತ್ತವೆ. ಆದ್ದರಿಂದ ತಗಡಿನ ಟ್ರೇ ಇಲ್ಲದೆ ಆಯಿಲ್ ಇಳಿಸಬಾರದು. ಇಳಿಸಿದ್ದನ್ನು ಡಬ್ಬಿಗೆ ತುಂಬಿ, ಬಳಸಿದ ಆಯಿಲ್ ಕೊಳ್ಳುವ ಪರವಾನಗಿ ಪಡೆದವರಿಗೇ ತಲುಪಿಸಬೇಕು. ಬೇಲಿಗೂಟಕ್ಕೆ ಬಳಿಯುವುದು, ಒಲೆಗೆ ಸುರಿಯುವುದು ಕೂಡದು.

ವಿದ್ಯಾರ್ಥಿ ಮಿತ್ರರಿಗೆ ಒಂದು ಸೂಚನೆ. ನಿಮ್ಮ ಪೇಟೆಯಲ್ಲಿ ಪಾಯಿಂಟು ಮತ್ತು ಕಾರ್ಬ್ಯುರೇಟರುಗಳ ಕಾಲದ ಮೆಕ್ಯಾನಿಕ್ಕರೊಬ್ಬರು ಇದ್ದರೆ, ಒಂದು ಭಾನುವಾರ ಅವರ ಬಳಿಗೆ ನೋಟುಪುಸ್ತಕದೊಡನೆ ಹೋಗಿ ಕುಳಿತುಕೊಳ್ಳಿ. ಸದ್ದು ಕೇಳಿ ಅವರು ಏನನ್ನು ಊಹಿಸುತ್ತಾರೆ, ಮೊದಲು ಯಾವುದನ್ನು ಬಿಚ್ಚುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ, ಏಕೆ ಎಂದು ಕೇಳಿ ಬರೆದುಕೊಳ್ಳಿ. ಊಹೆ, ಪರೀಕ್ಷೆ, ಫಲಿತಾಂಶ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ್ದು ಅಲ್ಲಿ ಎಣ್ಣೆ ಮೆತ್ತಿದ ಕೈಗಳಲ್ಲಿ ನಡೆಯುತ್ತಿರುತ್ತದೆ. ಅವರ ಬಹಳಷ್ಟು ತಿಳಿವಳಿಕೆ ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ, ಕನ್ನಡದಲ್ಲಂತೂ ಇಲ್ಲವೇ ಇಲ್ಲ ಎನ್ನಬೇಕು. ಅವರು ಅಂಗಡಿ ಮುಚ್ಚುವ ದಿನ ಅದೂ ಮುಚ್ಚಿಹೋಗುತ್ತದೆ.

ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರ, ಔಷಧಿ ಹೊಡೆಯುವ ಮೋಟಾರು, ಮನೆಯ ಮಿಕ್ಸರು ಇವೆಲ್ಲಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಎಷ್ಟು ಹೊತ್ತು ಓಡಿತು, ನಿಲ್ಲುವ ಮುನ್ನ ಏನು ಬದಲಾಯಿತು, ಏನಿತ್ತು, ಏನು ಕಾಣೆಯಾಯಿತು ಎಂದು ಕೇಳಿಕೊಳ್ಳುವವನು ಸುಲಭಕ್ಕೆ ಗುಜರಿಯವನನ್ನು ಕರೆಯುವುದಿಲ್ಲ. ಕೊಂಡು ಎಸೆಯುವುದೇ ಜಾಣತನವೆಂದು ಸಾರುವ ಮಾರುಕಟ್ಟೆಯ ನಡುವೆ, ಕೆಟ್ಟದ್ದನ್ನು ಬಿಚ್ಚಿ ನೋಡುವ ಈ ತಾಳ್ಮೆಯನ್ನು ನಮ್ಮ ಊರುಗಳು ಬಿಟ್ಟುಕೊಡಬಾರದು. ಈ ಬಾರಿ ಮಳೆ ಹಿಡಿಯುವ ಮೊದಲೇ ಟಾರ್ಪಾಲು ಸರಿಸಿ, ಟ್ಯಾಂಕು ಬರಿದುಮಾಡಿ, ಗಾಳಿಕೊಳವೆಯ ಬಾಯಿಗೆ ಸಣ್ಣ ಜಾಲರಿ ಕಟ್ಟಿಡಿ. ಮಳೆ ಬಿಟ್ಟ ಮೇಲೆ ಕೀಲಿ ತಿರುಗಿಸಿದಾಗ ಎಂಜಿನು ನಿಂತರೆ, ಗುಜರಿಯವನಿಗೆ ಹೇಳಿ ಕಳುಹಿಸುವ ಮುಂಚೆ ಕೈಗಡಿಯಾರವನ್ನೊಮ್ಮೆ ನೋಡಿಕೊಳ್ಳಿ.